ಹಿಂದಿನ ಸೀಟಿನ ಬೆಳಕು

ಬಾಗಿಲು ಮುಚ್ಚಿದ ಮೇಲೂ ನೆತ್ತಿಯ ಮೇಲಿನ ದೀಪ ಆರಲಿಲ್ಲ. ಈಗ ಆರುತ್ತದೆ, ಇನ್ನೇನು ಆರುತ್ತದೆ ಎಂದು ಅವನು ಉಸಿರು ಬಿಗಿಹಿಡಿದು ಕೂತ. ಕಾರು ಗೆಸ್ಟ್‌ಹೌಸಿನ ಕಲ್ಲುಹಾಸಿನ ಮೇಲೆ ಕಟಕಟ ಉರುಳಿ ಡಾಂಬರು ರಸ್ತೆಗೆ ಇಳಿಯಿತು, ಊರಿನ ಕಡೆಗೆ ಮೂತಿ ತಿರುಗಿಸಿತು, ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ಅದರ ಬೆಳಕು ಅವನ ತೊಡೆಯ ಮೇಲೆ ಬಿದ್ದಿತ್ತು, ತೊಡೆಯ ಮೇಲೆ ಇಟ್ಟುಕೊಂಡ ಕೈಗಳ ಮೇಲೆ, ಬಾಯ್ಲರಿನ ಮಸಿ ಕೂತು ಗಟ್ಟಿಯಾಗಿ ಹೋದ ಉಗುರುಸಂದಿಗಳ ಮೇಲೆ. ಸೋಪಿನ ಕಾರ್ಖಾನೆಯಲ್ಲಿ ದುಡಿಯುವವನ ಉಗುರು! ಅವನು ಬೆರಳುಗಳನ್ನು ಮಡಿಸಿಕೊಂಡ. ಮಡಿಸಿದ ಮೇಲೆ ಅವು ಮುಷ್ಟಿಗಳಾದವು. ಮುಷ್ಟಿ ಕಟ್ಟಿ ಕೂತಂತೆ ಕಾಣುತ್ತದೆ ಎನಿಸಿ ಮತ್ತೆ ಬಿಚ್ಚಿದ. ಒಂದು ಮೊಳ ದೂರದಲ್ಲಿ ಕಾರ್ಖಾನೆಯ ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿಕೊಂಡು ಫೋನು ನೋಡುತ್ತಿದ್ದರು. ಅವರಿಗೆ ದೀಪ ಉರಿದರೂ ಒಂದೇ ಆರಿದರೂ ಒಂದೇ. ಹುಟ್ಟಿದಂದಿನಿಂದ ಜನ ನೋಡುವ ಜಾಗದಲ್ಲೇ ಕೂತು ಬೆಳೆದ ಮುಖ ಅದು. ಆದರೆ ಇವನು? ವಾರಗಳಿಂದ ಕಾರ್ಖಾನೆಯ ಗೇಟಿನೆದುರು ಮುಷ್ಕರ ಕೂತ ಜನರ ಮುಂದಾಳು, ಭಾನುವಾರಗಳಲ್ಲಿ ಅವರಿಗೆ ಪುಸ್ತಕ ಓದಿ ಹೇಳಿ ಹೇಳಿ ಬಾಯ್ಲರಿನವನಾಗಿದ್ದೂ ‘ಮೇಷ್ಟ್ರು’ ಎನಿಸಿಕೊಂಡವನು, ಯಾರಿಗೂ ಹೇಳದೆ, ಹೆಂಡತಿಗೂ ಹೇಳದೆ, ಇದೇ ಮ್ಯಾನೇಜರ ಮಗ್ಗುಲಲ್ಲಿ, ಅಂಗಡಿಯ ಗಾಜಿನ ಕಪಾಟಿನೊಳಗಿನ ಸಾಮಾನಿನ ಹಾಗೆ, ದಾರಿಯಲ್ಲಿ ಹೋಗುವ ಬರುವವರಿಗೆಲ್ಲ ಕಾಣುತ್ತ ಕೂತಿದ್ದ.

ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಪಡುವಣದಲ್ಲಿ ಒಂದಿಷ್ಟು ಬೂದು ಉಳಿದಿತ್ತು. ಕಂಪನಿಯ ಕಾಲೊನಿ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ, ಕತ್ತಲೆಯಲ್ಲಿ ನೀರಿನ ಟ್ಯಾಂಕಿನ ತಿರುವಿನ ಹತ್ತಿರ ಇಳಿದುಬಿಟ್ಟರೆ ಅಲ್ಲಿಂದ ಕಾಲುದಾರಿಯಲ್ಲಿ ಗೇಟಿಗೆ ನಡೆದುಹೋಗಬಹುದು, ಅಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಿಧಾನವಾಗಿ, ಮೊದಲು ಒಳ್ಳೆಯ ಸುದ್ದಿ ಆಮೇಲೆ ಇನ್ನೊಂದು, ತನ್ನ ಬಾಯಿಂದಲೇ ಹೇಳಬಹುದು: ಹೀಗೆಂದು ಅವನು ಮಧ್ಯಾಹ್ನದಿಂದ ಲೆಕ್ಕ ಹಾಕಿದ್ದ. ತಾನೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ. ತಾನು ಹೇಳುವ ಮುಂಚೆ ಕಣ್ಣಿಗೆ ಬಿದ್ದರೆ ಮುಗಿಯಿತು. ಈ ದೀಪ ಆ ಲೆಕ್ಕದಲ್ಲಿ ಇರಲಿಲ್ಲ.

“ಸ್ವಲ್ಪ... ಈ ಲೈಟು...” ಎಂದ. ಅವನ ಗಂಟಲಿಂದ ಬಂದ ಸದ್ದು ಅವನಿಗೇ ಗುರುತು ಸಿಗಲಿಲ್ಲ. ಗೇಟಿನ ಎದುರು ಮೈಕಿಲ್ಲದೆ ಕೂಗಿ ಕೂಗಿ ಒಳಗಿನ ಆಫೀಸಿನ ಕಿಟಕಿ ಅಲುಗಿಸುವ ಗಂಟಲು. ಈಗ ಬಸ್ಸಿನಲ್ಲಿ ಚಿಲ್ಲರೆ ಕೇಳುವವನ ಹಾಗೆ.

“ಯಾಕೆ, ಕಣ್ಣಿಗೆ ಚುಚ್ಚುತ್ತಾ?” ಎಂದರು ಮ್ಯಾನೇಜರು, ಫೋನಿಂದ ತಲೆ ಎತ್ತದೆ. “ಏಯ್, ಆರಿಸೋ ಅದನ್ನ.”

ಡ್ರೈವರ್ ಎಡಗೈ ಮೇಲೆತ್ತಿ ದೀಪದ ಪಕ್ಕದ ಗುಂಡಿಯನ್ನು ಆ ಕಡೆ ತಳ್ಳಿದ, ಈ ಕಡೆ ತಳ್ಳಿದ, ನಡುವೆ ನಿಲ್ಲಿಸಿದ. ಗುಂಡಿ ಎಲ್ಲಿ ನಿಂತರೂ ಬೆಳಕು ಅಲ್ಲೇ. “ಸತ್ತೋಗಿದೆ ಸಾರ್ ಇದು. ನಿನ್ನೆಯಿಂದ ಹಿಂಗೇ ಆಟ ಆಡ್ತಿತ್ತು.” ಆಮೇಲೆ ಕನ್ನಡಿಯಲ್ಲಿ ಇವನ ಕಣ್ಣನ್ನೇ ಹಿಡಿದು, “ಎಲ್ಲಾ ನಿಮ್ಮೋರ ಕೃಪೆ ಮೇಷ್ಟ್ರೇ. ದಿನಾ ಗೇಟಲ್ಲಿ ಹಾಕು ಅಂತೀರಿ, ಹಾಕ್ತೀನಿ. ದಾಟಿದ ಮೇಲೆ ಆರಿಸ್ತೀನಿ. ಹಾಕಿ ಆರಿಸಿ ಹಾಕಿ ಆರಿಸಿ, ಎಷ್ಟು ದಿನ ತಡಕೊಳ್ಳುತ್ತೆ ಸ್ವಿಚ್ಚು? ಅದಕ್ಕೂ ಮುಷ್ಕರ ಮಾಡ್ಬೇಕು ಅನ್ಸಿದೆ,” ಎಂದ.

ಮ್ಯಾನೇಜರು ನಕ್ಕರು. ಅವನಿಗೆ ಕಿವಿಯ ತುದಿ ಬಿಸಿಯಾಯಿತು. ಆ ನಿಯಮ ಅವನದೇ. ಕಂಪನಿ ಹೊರಗಿನ ಊರುಗಳಿಂದ ಕೂಲಿಗಳನ್ನು ಹಿಡಿದುಕೊಂಡು ಬಂದು ಮುಚ್ಚಿದ ಗಾಡಿಗಳಲ್ಲಿ ಒಳಗೆ ಸಾಗಿಸುತ್ತಿದೆ ಎಂದು ಗೊತ್ತಾದ ದಿನ ಅವನು ಗೇಟಿನೆದುರಿನ ಕಲ್ಲಿನ ಮೇಲೆ ಹತ್ತಿ ನಿಂತು ಹೇಳಿದ್ದ: ಸಂಜೆಯಾದ ಮೇಲೆ ಗೇಟು ದಾಟುವ ಯಾವ ಗಾಡಿಯಾದರೂ ಸರಿ, ಮಾಲೀಕನದೇ ಇರಲಿ, ನಿಲ್ಲಬೇಕು, ಒಳಗಿನ ಲೈಟು ಹಾಕಬೇಕು, ಕೂತವರು ಮುಖ ತೋರಿಸಬೇಕು. ಮಾರನೆಯ ದಿನದಿಂದ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು ಅದನ್ನು ಹಾಡಿನ ಹಾಗೆ ಕೂಗತೊಡಗಿದರು. ಲೈಟ್ ಹಾಕಿ, ಮುಖ ತೋರ್ಸಿ! ಲೈಟ್ ಹಾಕಿ, ಮುಖ ತೋರ್ಸಿ! ಮೊದಲ ಸಂಜೆ ಇದೇ ಕಾರಿನೊಳಗೆ ಬೆಳಕು ಹೊತ್ತಿ ಮ್ಯಾನೇಜರ ಮುಖ ಮೂಡಿದಾಗ ಆ ಹೆಂಗಸರಲ್ಲೇ ಹಿರಿಯಳಾದ ದೊಡ್ಡಕ್ಕ ಗಾಜಿಗೆ ಮೂಗು ತಾಗಿಸುವಷ್ಟು ಬಗ್ಗಿ, “ಪರವಾಗಿಲ್ಲ ಕಣ್ರೇ, ಬಣ್ಣ ಚೆನ್ನಾಗಿದೆ, ಒಳಗೆ ಬಿಡಿ,” ಎಂದಿದ್ದಳು. ನಕ್ಕು ನಕ್ಕು ಎಲ್ಲರೂ ಕೂತುಬಿಟ್ಟಿದ್ದರು. ಅವನೂ ನಕ್ಕಿದ್ದ. ಬೆಳಕಿನೊಳಗೆ ಕೂತವನಿಗೆ ಹೊರಗಿನ ನಗು ಹೇಗೆ ಕೇಳಿಸುತ್ತದೆ ಎಂದು ಆಗ ಅವನಿಗೆ ಹೊಳೆದೇ ಇರಲಿಲ್ಲ.

“ನಿಲ್ಲಿಸಿ ನೋಡಬಾರದಾ?” ಎಂದ.

“ನೋಡೋ ಒಂಚೂರು,” ಎಂದರು ಮ್ಯಾನೇಜರು ಉದಾರವಾಗಿ. “ಮೇಷ್ಟ್ರಿಗೆ ನಾಚಿಕೆ.”

ಕಾರು ರಸ್ತೆಯ ಅಂಚಿಗೆ ಸರಿದು ನಿಂತಿತು. ಡ್ರೈವರ್ ಇಳಿದು ಒಂದೊಂದೇ ಬಾಗಿಲನ್ನು ತೆಗೆದು ಜೋರಾಗಿ ಬಡಿದ. ಪ್ರತಿ ಬಡಿತಕ್ಕೂ ಕಿವಿಯಲ್ಲಿ ಗಾಳಿ ಅಮುಕಿದಂತಾಗುತ್ತಿತ್ತು, ಅವನು ಪ್ರತಿ ಸಲವೂ ಮೇಲೆ ನೋಡುತ್ತಿದ್ದ, ದೀಪ ಅವನನ್ನು ನೋಡುತ್ತಿತ್ತು. ಡಿಕ್ಕಿ ತೆಗೆದು ಬಡಿದದ್ದಾಯಿತು. ಬಾನೆಟ್ಟು ಎತ್ತಿ ಇಳಿಸಿದ್ದಾಯಿತು. ಸ್ಟೇರಿಂಗಿನ ಪಕ್ಕ ಬೆಳಕು ಹೆಚ್ಚುಕಮ್ಮಿ ಮಾಡುವ ಪುಟ್ಟ ಗಾಲಿಯೊಂದಿತ್ತು, ಅದು ಏನಾದರೂ ತುದಿಗೆ ಹೋಗಿ ಸಿಕ್ಕಿಕೊಂಡಿದ್ದರೆ ಹೀಗಾಗುತ್ತದೆ ಎಂದು ಅದನ್ನು ತಿರುಗಿಸಿದ್ದಾಯಿತು. ಮೀಟರಿನ ದೀಪಗಳೆಲ್ಲ ಮಂಕಾಗಿ ಮತ್ತೆ ಉರಿದವು, ಮೇಲಿನದು ಕದಲಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ರಬ್ಬರು ಮುಚ್ಚಿದ ಒಂದು ಮೊಳೆಯಿತ್ತು. ಬಾಗಿಲು ಮುಚ್ಚಿದಾಗ ಅದು ಒಳಗೆ ಹೋಗಬೇಕು, ಒಳಗೆ ಹೋದರೆ ದೀಪಕ್ಕೆ ಬಾಗಿಲು ಮುಚ್ಚಿದೆ ಎಂದು ಗೊತ್ತಾಗುತ್ತದೆ. ಡ್ರೈವರ್ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಒತ್ತಿ ಹಿಡಿದೇ ಹೇಳಿದ, “ಈ ಗಾಡಿಗೆ ಯಾವುದೋ ಬಾಗಿಲು ತೆಗೆದೇ ಇದೆ ಅಂತ ಅನ್ಸಿದೆ. ಎಲ್ಲಾ ಮುಚ್ಚಿದೆ ಅಂದ್ರೆ ನಂಬ್ತಿಲ್ಲ.”

“ಬಲ್ಬೇ ತೆಗೆದುಬಿಡಿ.”

“ಬಲ್ಬೆಲ್ಲಿದೆ ಮೇಷ್ಟ್ರೇ, ಎಲ್ಲಾ ಒಟ್ಟಿಗೆ ಅಂಟಿಸಿಬಿಟ್ಟಿದಾರೆ. ತೆಗೆಯಕ್ಕೆ ಹೋದ್ರೆ ಮೇಲಿನ ಬಟ್ಟೆಯೆಲ್ಲ ಕಿತ್ತು ಬರುತ್ತೆ. ಆಮೇಲೆ ನನ್ನನ್ನ ತೆಗೀತಾರೆ. ಫ್ಯೂಸ್ ಕೀಳಬಹುದು. ಆದ್ರೆ ಲಾಕು, ಹಾರನ್ನು ಅದರ ಜೊತೆಗೇ ಹೋಗುತ್ತೆ. ಕೀಳ್ಲಾ ಸಾರ್?”

“ಬೇಡ. ಲಾಕಿಲ್ಲದ ಗಾಡೀಲಿ ಈಗ ನಾನು ಕೂರಲ್ಲ,” ಎಂದರು ಮ್ಯಾನೇಜರು.

ಡ್ರೈವರ್ ತಲೆಯಾಡಿಸಿದ. ಆ ತಲೆಯಾಡಿಕೆಯನ್ನು ನೋಡುತ್ತಲೇ ಅವನಿಗೆ ಕತ್ತಿನ ಹಿಂಭಾಗದಲ್ಲಿ ಏನೋ ಛಳುಕು ಹೊಡೆದಂತಾಯಿತು. ಇಷ್ಟೇ. ಒಂದಿಷ್ಟು ಕೆಳಗೆ, ಒಂದಿಷ್ಟು ಮೇಲೆ. ತಾನು ಮಾಡಿದ್ದೂ ಇಷ್ಟೇ. ಗೆಸ್ಟ್‌ಹೌಸಿನ ಸೋಫಾ ಕೂತ ಕೂಡಲೇ ತಳ ಕಾಣುವಷ್ಟು ಕುಸಿದಿತ್ತು, ಮೊಣಕಾಲು ಎದೆಯ ಮಟ್ಟಕ್ಕೆ ಬಂದುಬಿಟ್ಟಿತ್ತು, ಹಾಗೆ ಕೂತವನು ಯಾರ ಮೇಲೂ ಗುಡುಗಲಾರ. ಮ್ಯಾನೇಜರು ಎದುರಿನ ನೆಟ್ಟಗಿನ ಕುರ್ಚಿಯಲ್ಲಿ ಕೂತಿದ್ದರು. ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಬೇಡವೆಂದರೆ ಹಟಮಾರಿ ಎಂದುಕೊಳ್ಳುತ್ತಾರೆ ಎಂದು ಒಂದು ತೆಗೆದುಕೊಂಡ. ಕಚ್ಚಿದಾಗ ಪುಡಿ ಅಂಗಿಯ ಮೇಲೆ ಉದುರಿತು, ಅದನ್ನು ಒರೆಸಿಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗಲೇ ಅವರು ಹೇಳಿದ್ದು. ಎಲ್ಲರನ್ನೂ ವಾಪಸು ತಗೋತೀವಿ. ಯಾರ ಮೇಲೂ ಕೇಸಿಲ್ಲ. ಕತ್ತರಿಸಿದ ಸಂಬಳ ಪೂರ್ತಿ ಕೊಡ್ತೀವಿ. ಪ್ಯಾಕಿಂಗ್ ಸೆಕ್ಷನ್ ಒಂದು ಇರಲ್ಲ. ಅದಕ್ಕೆ ಮಶೀನು ಬರ್ತಿದೆ. ನೀವು ಓದಿಕೊಂಡೋರು, ನಿಮಗೆ ಅರ್ಥ ಆಗುತ್ತೆ.

ನೀವು ಓದಿಕೊಂಡೋರು. ಅದೇ ಮಾತಿಗೆ ಅವನ ಕತ್ತು ಆಡಿತೋ, ಅದಕ್ಕೂ ಮುಂಚಿನ ಮಾತಿಗೆ ಆಡಿತೋ ಅವನಿಗೇ ಗೊತ್ತಿಲ್ಲ. ಬಾಯಿ ಏನೂ ಹೇಳಲಿಲ್ಲ. ಬಾಯಿಯ ತುಂಬ ಬಿಸ್ಕತ್ತಿತ್ತು. ಕತ್ತು ಮಾತ್ರ ಒಂದಿಷ್ಟು ಕೆಳಗೆ, ಒಂದಿಷ್ಟು ಮೇಲೆ. ಮ್ಯಾನೇಜರು ಎದ್ದು ಕೈ ಕುಲುಕಿಬಿಟ್ಟರು. ಆಮೇಲೆ ಏನೇನು ತಾಳೆ ಹಾಕಿದ! ಬಾಯ್ಲರು, ಮಿಕ್ಸಿಂಗು, ಲೋಡಿಂಗು, ಇಷ್ಟು ಸಂಸಾರ ಉಳಿಯುತ್ತದೆ. ಪ್ಯಾಕಿಂಗಿನಲ್ಲಿ ಇರುವವರಾದರೂ ಹೆಂಗಸರು, ಬಹಳಷ್ಟು ಮಂದಿಯ ಗಂಡಂದಿರು ಬೇರೆ ಸೆಕ್ಷನ್ನಿನಲ್ಲಿ ಇದ್ದಾರೆ. ಹಾಗೆ ಅಂದುಕೊಳ್ಳುವಾಗ ತನ್ನೊಳಗೆ ಮಾತಾಡುತ್ತಿರುವುದು ಮ್ಯಾನೇಜರ ದನಿ ಎಂದು ತಿಳಿದು ಬೆಚ್ಚಿದ. ಅವನ ಹೆಂಡತಿ ಪ್ಯಾಕಿಂಗಿನವಳು. ಅವನು ಬಾಯ್ಲರಿನವನು. ಬಾಯ್ಲರು ಉಳಿಯುತ್ತದೆ.

ಮುಷ್ಕರ ಶುರುವಾದದ್ದೇ ಪ್ಯಾಕಿಂಗಿನಿಂದ. ಅಚ್ಚಿನಿಂದ ಬಿಸಿಬಿಸಿಯಾಗಿ ಇಳಿಯುವ ಸೋಪಿಗೆ ಕಾಗದ ಸುತ್ತಿ ಸುತ್ತಿ ಆ ಹೆಂಗಸರ ಬೆರಳ ತುದಿ ಗಾಜಿನ ಹಾಗೆ ನಯವಾಗಿಬಿಡುತ್ತಿತ್ತು, ಗೆರೆಯೇ ಇಲ್ಲ. ಕಂಪನಿ ಹಾಜರಿಗೆ ಹೆಬ್ಬೆರಳು ಒತ್ತುವ ಯಂತ್ರ ತಂದಿಟ್ಟಿತು. ಯಂತ್ರ ಅವರನ್ನು ಗುರುತಿಸಲಿಲ್ಲ. ಮೈಮುರಿದು ದುಡಿದು ಮನೆಗೆ ಹೋದವರು ತಿಂಗಳ ಕೊನೆಯಲ್ಲಿ ಗೈರುಹಾಜರು. ದೊಡ್ಡಕ್ಕ ಹೆಬ್ಬೆರಳು ಒತ್ತಿ, ತೋರುಬೆರಳು ಒತ್ತಿ, ಕೊನೆಗೆ ಸಿಟ್ಟು ಬಂದು ತನ್ನ ಹಣೆಯನ್ನೇ ಒತ್ತಿ, “ಇಗೋ, ಬರೆದಿರೋದೆಲ್ಲಾ ಇಲ್ಲಿದೆ, ಓದ್ಕೋ,” ಎಂದಿದ್ದಳು. ಅವನು ಕಲ್ಲಿನ ಮೇಲೆ ನಿಂತು, ನಿಮ್ಮ ಬೆರಳ ಗೆರೆಯನ್ನು ತಿಂದು ಬೆಳೆದ ಕಂಪನಿ ನಿಮ್ಮನ್ನೇ ಯಾರು ಅಂತ ಕೇಳ್ತಿದೆ ಎಂದಾಗ ಗೇಟು ಚಪ್ಪಾಳೆಯಿಂದ ನಡುಗಿತ್ತು. ಎಂಥ ಮಾತು! ರಾತ್ರಿಯೆಲ್ಲ ಅದನ್ನು ಜೋಡಿಸಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಬೆರಳುಗಳನ್ನು ದೀಪಕ್ಕೆ ಹಿಡಿದು, ನೀನು ಕದ್ದರೂ ಯಾರೂ ಹಿಡಿಯೋಕಾಗಲ್ಲ ಕಣೇ ಎಂದು ತಮಾಷೆ ಮಾಡಿದ್ದ. ಅವಳು ನಕ್ಕು, ಕದ್ದಿದ್ದಾಯ್ತಲ್ಲ, ಹಿಡಿದ್ರಾ ಎಂದಿದ್ದಳು.

“ಬಟ್ಟೆ ಏನಾದ್ರೂ ಇದ್ದರೆ ಕಟ್ಟಿಬಿಡಿ,” ಎಂದ ಡ್ರೈವರ್, ಬೆವರು ಒರೆಸಿಕೊಳ್ಳುತ್ತ.

ಬಟ್ಟೆ. ಕೊರಳಲ್ಲಿ ಇತ್ತು. ಮುಷ್ಕರದವರೆಲ್ಲ ಹಾಕಿಕೊಳ್ಳುವ ಕೆಂಪು ವಸ್ತ್ರ; ಗೆಸ್ಟ್‌ಹೌಸಿಗೆ ಹೋಗುವಾಗ ಅದನ್ನು ತೆಗೆಯದಿದ್ದುದೇ ತನ್ನ ಧೈರ್ಯ ಎಂದು ಅವನು ಅಂದುಕೊಂಡಿದ್ದ. ಬಿಚ್ಚಿದ. ಮೊಣಕಾಲ ಮೇಲೆ ಏರಿ, ಸೂರಿಗೆ ತಲೆ ತಾಗಿಸಿಕೊಂಡು, ದೀಪದ ಅಂಚುಗಳಿಗೆ ಸಿಕ್ಕಿಸಿದ. ಕಾರಿನೊಳಗೆಲ್ಲ ಕೆಂಪು ಚೆಲ್ಲಿತು. ಸೀಟು ಕೆಂಪು, ಕೈ ಕೆಂಪು, ಮ್ಯಾನೇಜರ ಬಿಳಿ ಅಂಗಿ ಕೆಂಪು. ಮುಚ್ಚಿದ್ದು ಏನೂ ಇಲ್ಲ, ಮೊದಲು ಬರೀ ಕಾಣುತ್ತಿದ್ದದ್ದು ಈಗ ಕರೆದು ತೋರಿಸುವಂತಾಗಿತ್ತು. ಎದುರಿನಿಂದ ಬಂದ ಸೈಕಲ್ಲಿನವನೊಬ್ಬ ಕಾಲು ನೆಲಕ್ಕೂರಿ ನಿಂತು ನೋಡಿ ಹೋದ. ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ ತೆಗೀರಿ ಮಾರಾಯ್ರೇ, ಫೋಟೋ ತೊಳೆಯೋ ಅಂಗಡಿ ಆಯ್ತಿದು!” ಅವನೂ ನಕ್ಕ. ನಗಬೇಕಾಯಿತು. ಮೊಣಕಾಲ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ ಆ ಬಟ್ಟೆಯನ್ನು ಕೀಳುತ್ತ ನಗುತ್ತಿದ್ದವನನ್ನು ಕಿಟಕಿಯ ಗಾಜಿನಲ್ಲಿ ಕಂಡ. ಕಂಡು ನಗು ನಿಂತಿತು. ಬಟ್ಟೆಯನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುವುದೋ ಜೇಬಿನಲ್ಲಿ ತುರುಕುವುದೋ ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತ.

“ಒಂದು ಕೊನೆ ಪ್ರಯತ್ನ,” ಎಂದ ಡ್ರೈವರ್ ಒಳಗೆ ಬಂದು. “ಎಲ್ಲಾ ಬಾಗಿಲೂ ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ರೆ ಕೆಲವು ಗಾಡೀಲಿ ತಾನಾಗೇ ಆರುತ್ತೆ. ಓಡಿಸ್ತಾ ನೋಡೋಣ.” ನಾಲ್ಕೂ ಬಾಗಿಲು ಒಮ್ಮೆಗೇ ಟಕ್ ಎಂದವು.

ಕಾರು ಹೊರಟಿತು. ಈಗ ಹೊರಗೆ ಕತ್ತಲೆ ತುಂಬಿತ್ತು. ಕಿಟಕಿಯಲ್ಲಿ ರಸ್ತೆಯಿರಲಿಲ್ಲ, ಮರಗಳಿರಲಿಲ್ಲ, ಅಂಗಡಿ ಮನೆಗಳಿರಲಿಲ್ಲ. ಎಡಕ್ಕೆ ನೋಡಿದರೂ ಅವನೇ, ಎದುರಿನ ಗಾಜಿನಲ್ಲೂ ಸಣ್ಣಗೆ ಅವನೇ, ಮಗ್ಗುಲಿಗೆ ಮ್ಯಾನೇಜರು, ಮದುವೆಯ ಫೋಟೋದಲ್ಲಿ ನಿಲ್ಲಿಸಿದ ಬೀಗರ ಹಾಗೆ ಇಬ್ಬರೂ ಒಟ್ಟಿಗೆ. ಈ ಗಾಜಿನ ಆಚೆ ಯಾರಿದ್ದಾರೆ? ಯಾರೂ ಇಲ್ಲದಿರಬಹುದು. ಅರ್ಧ ಕಾಲೊನಿಯೇ ನಿಂತಿರಬಹುದು. ಪ್ರತಿಯೊಬ್ಬರೂ ಅವನನ್ನು ಹಲ್ಲುಸಂದಿಯ ಬಿಸ್ಕತ್ತಿನ ಸಮೇತ ನೋಡುತ್ತಿರಬಹುದು. ಹೊರಗಿನ ಕತ್ತಲೆಯಲ್ಲಿ ನಿಂತು ನೋಡುವುದು ಇಷ್ಟು ವರ್ಷ ಅವನ ಹಕ್ಕಾಗಿತ್ತು. ಜನರನ್ನು ನೋಡಿ, ಅಳೆದು, ಅವರ ಸಂಕಟಕ್ಕೆ ಮಾತು ಹುಡುಕಿ ಕೊಡುವವನು ತಾನು. ನೋಡಿಸಿಕೊಳ್ಳುವುದು ಎಂದರೆ ಹೀಗೆ ಮೈಯೆಲ್ಲ ಕಿವಿಯಾಗುವುದು ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಎಸಿಯ ಗಾಳಿ ಮೊಣಕಾಲಿಗೆ ತಣ್ಣಗೆ ಬಡಿಯುತ್ತಿತ್ತು. ದೀಪ ಆರಲಿಲ್ಲ. ಬೆಳಕು ಆರಲಿ ಎಂದು ತಾನು ಬೇಡುತ್ತಿರುವಷ್ಟು ಈ ಮ್ಯಾನೇಜರೂ ಬೇಡುತ್ತಿಲ್ಲವಲ್ಲ ಎಂಬುದು ಒಮ್ಮೆಲೇ ತಲೆಗೆ ಹೊಕ್ಕಿತು. ಮುಚ್ಚಿಡಲು ಇರುವುದು ನನ್ನ ಹತ್ತಿರ. ಅವರ ಹತ್ತಿರ ಏನೂ ಇಲ್ಲ. ಅವರು ಮಾಡುವುದನ್ನೆಲ್ಲ ಬೆಳಕಿನಲ್ಲೇ ಮಾಡುತ್ತಾರೆ.

“ಟ್ಯಾಂಕಿನ ಹತ್ತಿರ ಯಾರೂ ಇರಲ್ಲ ತಾನೇ?” ಎಂದರು ಮ್ಯಾನೇಜರು.

“ಈ ಹೊತ್ತಿಗೆ ಯಾರೂ ಬರಲ್ಲ. ಮನೆ ಮನೆಗೆ ನಲ್ಲಿ ಇದೆಯಲ್ಲ.”

“ನಲ್ಲಿ ಮಧ್ಯಾಹ್ನವೇ ನಿಲ್ಲಿಸಿದೀವಿ,” ಎಂದರು ಅವರು, ಕಾಫಿಗೆ ಸಕ್ಕರೆ ಬೇಡ ಎನ್ನುವಷ್ಟು ಸಹಜವಾಗಿ. “ಬೆಳಿಗ್ಗೆ ಅದು ಹೆಡ್ ಆಫೀಸಿನ ಆರ್ಡರ್ ಆಗಿತ್ತು. ಈಗ ನೀವು ಒಪ್ಪಿಕೊಂಡ್ರಲ್ಲ, ನಾಳೆ ಬಿಡಿಸ್ತೀನಿ.”

ಅವನು ಅವರ ಕಡೆ ತಿರುಗಿದ. ಮಧ್ಯಾಹ್ನ. ತಾನು ಸೋಫಾದಲ್ಲಿ ಕುಸಿದು ಕೂತಿದ್ದ ಹೊತ್ತು. ಬಿಸ್ಕತ್ತಿನ ಜೊತೆ ಒಂದು ಗ್ಲಾಸು ನೀರು ಕುಡಿದಿದ್ದ, ಸಾಲದೆ ಇನ್ನೊಂದು ಕೇಳಿದ್ದ. ಏನೋ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಾರು ನಿಂತಿತು.

“ಟ್ಯಾಂಕು ಬಂತು ಮೇಷ್ಟ್ರೇ. ಇಳೀರಿ.”

“ಯಾರಾದ್ರೂ ಇದಾರಾ ನೋಡಿ.”

“ಒಳಗೆ ಇಷ್ಟು ಬೆಳಕಿಟ್ಕೊಂಡು ನಂಗೇನು ಕಾಣುತ್ತೆ? ನಿಮಗೆ ಎಷ್ಟು ಕಾಣುತ್ತೋ ನಂಗೂ ಅಷ್ಟೇ.”

ಅವನು ಹಿಡಿಕೆಯ ಮೇಲೆ ಕೈ ಇಟ್ಟ. ಎಳೆಯಲಿಲ್ಲ. ಗಾಜಿನೊಳಗಿನ ತನ್ನ ಮುಖದ ಹಿಂದೆ ಏನಾದರೂ ಅಲುಗುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಆಗ ಆ ಮುಖದ ಮೇಲೆಯೇ, ಅವನ ಕೆನ್ನೆ ಇದ್ದ ಜಾಗದಲ್ಲಿ, ಹೊರಗಿನಿಂದ ಒಂದು ಅಂಗೈ ಬಂದು ಚಪ್ಪಟೆಯಾಗಿ ಒತ್ತಿಕೊಂಡಿತು. ಐದು ಬೆರಳು. ಬೆಳಕಿನಲ್ಲಿ ಬೆಳ್ಳಗೆ, ನಯವಾಗಿ, ಒಂದು ಗೆರೆಯೂ ಇಲ್ಲದೆ.

ಅಂಗೈಯ ಮೇಲುಗಡೆ ದೊಡ್ಡಕ್ಕನ ಮುಖ ಮೂಡಿತು, ಅದರ ಪಕ್ಕ ಇನ್ನೊಂದು, ಮತ್ತೊಂದು. ನೀರಿನ ಕ್ಯಾನುಗಳು ನೆಲಕ್ಕೆ ಬಿದ್ದ ಸದ್ದು. ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ. ಬೈಗುಳಕ್ಕಾಗಿ, ಉಗುಳಿಗಾಗಿ ಕಾದ.

“ಮೇಷ್ಟ್ರು! ಅಯ್ಯೋ ನಮ್ಮ ಮೇಷ್ಟ್ರನ್ನ ಎತ್ತಾಕ್ಕೊಂಡು ಹೋಗ್ತಿದಾರೆ ಕಣ್ರೇ! ಓಡಿ ಬನ್ರೋ!”

ಅವನಿಗೆ ಅರ್ಥವಾಗಲಿಲ್ಲ. ಯಾವ ಮೇಷ್ಟ್ರು? ಗಾಬರಿಯಲ್ಲಿ ಹಿಡಿಕೆ ಎಳೆದ. ಬಾಗಿಲು ತೆಗೆಯಲಿಲ್ಲ. ಲಾಕು. ಮತ್ತೆ ಎಳೆದ, ಭುಜ ಕೊಟ್ಟು ತಳ್ಳಿದ. ಹೊರಗಿದ್ದವರೆಲ್ಲ ಅದನ್ನು ನೋಡಿದರು. ಬೆಳಕು ಅಷ್ಟು ಚೆನ್ನಾಗಿತ್ತು. ಕೂಡಿ ಹಾಕಿದಾರೆ, ಬಾಗಿಲು ಬಿಡ್ತಿಲ್ಲ, ಕೊರಳಿನ ಕೆಂಪು ಬಟ್ಟೇನೂ ಕಿತ್ತುಕೊಂಡಿದಾರೆ ನೋಡ್ರೋ ಎಂದು ಯಾರೋ ಚೀರಿದರು. ಕಾರು ನೆಲ ಬಿಟ್ಟಂತೆ ಅಲುಗಿತು. ಗೇಟಿನ ಕಡೆಯಿಂದ ಗಂಡಸರು ಓಡಿ ಬರುವ ಹೆಜ್ಜೆಗಳು. ಮ್ಯಾನೇಜರು ಮೊದಲ ಸಲ ಫೋನು ಕೆಳಗಿಟ್ಟರು. “ಹೇಳ್ರೀ ಅವರಿಗೆ. ಮಾತುಕತೆಗೆ ನೀವೇ ಬಂದಿದ್ದು ಅಂತ ಹೇಳಿ!” ಅವನು ಹೇಳಬೇಕಾಗಿತ್ತು. ಒಂದೇ ಮಾತು. ಆದರೆ ಗಾಜಿನ ಆಚೆ ಅಷ್ಟೊಂದು ಮುಖಗಳು, ಕಣ್ಣಲ್ಲಿ ನೀರು ತುಂಬಿಕೊಂಡು, ಅವನಿಗಾಗಿ, ಹೆತ್ತ ಮಗನನ್ನು ಯಾರೋ ಹೊತ್ತೊಯ್ಯುತ್ತಿದ್ದಾರೆ ಎಂಬಂತೆ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಅವನು ನೋಡುತ್ತ ಕೂತ. ನಾಚಿಕೆಗೇಡಿನ ಒಂದು ಹಿತ ಮೈಯಲ್ಲಿ ಹರಿಯಿತು. ಇವರಿಗೆ ಹೊಳೆದೇ ಇಲ್ಲ. ಹೊಳೆಯುವುದೂ ಇಲ್ಲ. ನಾನು ಹೀಗೇ ಸುಮ್ಮನೆ ಕೂತರೆ ಸಾಕು.

ಕ್ಯಾನೊಂದು ಬಂದು ಬಡಿದು ಡ್ರೈವರ್ ಪಕ್ಕದ ಗಾಜು ಪುಡಿಯಾಯಿತು. ಡ್ರೈವರನ್ನು ಆ ಕಿಂಡಿಯಿಂದಲೇ ಅಂಗಿ ಹಿಡಿದು ಹೊರಕ್ಕೆಳೆದರು. “ನಾನೇನ್ ಮಾಡಿದೀನಿ, ನಾನು ಡ್ರೈವರು ಕಣ್ರಪ್ಪಾ, ಡ್ರೈವರು!” ಡ್ರೈವರ್‌ಗಳನ್ನು ಯೂನಿಯನ್ನಿಗೆ ಸೇರಿಸಬೇಕೇ ಎಂಬ ಮಾತು ಬಂದಾಗ, ಅವರು ಸಾಹೇಬರ ಉಸಿರಲ್ಲೇ ಬದುಕೋರು, ನಮ್ಮೋರಲ್ಲ ಎಂದು ತೀರ್ಮಾನ ಕೊಟ್ಟವನು ಅವನೇ. ಚಪ್ಪಲಿ, ಮುಷ್ಟಿ, ಕ್ಯಾನಿನ ಮುಚ್ಚಳ, ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದರು. ಒಳಗೆ ಕೈ ಹಾಕಿ ಯಾರೋ ಲಾಕು ತೆಗೆದರು, ಹಿಂದಿನ ಬಾಗಿಲು ತೆರೆಯಿತು, ಅವನನ್ನು ಎತ್ತಿಕೊಂಡರು. ಮ್ಯಾನೇಜರು ಆಚೆಯ ಬಾಗಿಲಿನಿಂದ ಇಳಿದು ಟ್ಯಾಂಕಿನ ಹಿಂದಕ್ಕೆ ಕತ್ತಲೆಯಲ್ಲಿ ಕರಗಿದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಲೋಡಿಂಗಿನ ಇಬ್ಬರು ಧಡೂತಿ ಹುಡುಗರು ಅವನ ತೊಡೆ ಹಿಡಿದು ಹೆಗಲ ಮೇಲೆ ಕೂರಿಸಿಕೊಂಡರು. ಆ ಎತ್ತರದಿಂದ ಡ್ರೈವರ್ ಕಂಡ. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಮೊಣಕೈಗಳ ನಡುವಿನಿಂದ ಮೇಲೆ ನೋಡುತ್ತಿದ್ದ. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿದಿತ್ತು.

“ಮೇಷ್ಟ್ರೇ,” ಎಂದ. “ಹೇಳಿ.”

“ನಿಲ್ಲಿಸಿ,” ಎಂದು ಕೂಗಿದ ಅವನು. ದನಿ ಬಂತು. ಹಳೆಯ ದನಿಯೇ. ಬಡಿತ ನಿಂತಿತು. “ಅವನದೇನೂ ತಪ್ಪಿಲ್ಲ. ನನ್ನನ್ನ ಯಾರೂ ಎತ್ತಿಕೊಂಡು ಹೋಗಲಿಲ್ಲ. ನಾನೇ ಹತ್ತಿದ್ದು.”

ದೊಡ್ಡಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಕೇಳಿದ್ರೇನ್ರೇ? ಇಷ್ಟಾದ್ರೂ ಆ ಡ್ರೈವರನ್ನ ಉಳಿಸೋಕೆ ಎಂಥ ಮಾತಾಡ್ತಾರೆ ನೋಡಿ. ಇಂಥೋರು ಎಲ್ಲಿ ಸಿಗ್ತಾರೆ?”

“ಅಕ್ಕಾ, ನಿಜ ಹೇಳ್ತಿದೀನಿ. ನಾನೇ ಹೋಗಿದ್ದು, ಗೆಸ್ಟ್‌ಹೌಸಿಗೆ.”

“ಹೂಂ ಹೂಂ, ನೀವೇ ಹೋಗಿದ್ರಿ. ಹೊಡೆದು ಏನೇನು ಹೇಳ್ಕೊಟ್ಟಿದಾರೋ ಪಾಪ. ಸುಮ್ನಿರಿ ಮೇಷ್ಟ್ರೇ, ಇನ್ನು ನಾವಿದೀವಿ.” ಘೋಷಣೆ ಎದ್ದಿತು. ಅವನ ಮಾತನ್ನು ಅವನ ಜಯಕಾರವೇ ಮುಳುಗಿಸಿತು. ಮೆರವಣಿಗೆ ಗೇಟಿನ ಕಡೆ ಹೊರಟಿತು. ಸುಳ್ಳು ಹೇಳಿ ಬದುಕಿದವರ ಕಥೆ ಅವನು ಎಷ್ಟೋ ಓದಿದ್ದ, ನಿಜ ಹೇಳಿಯೂ ಸುಳ್ಳಿನ ಮೇಲೆ ಕೂತು ಹೋಗುವುದು ಹೀಗಿರುತ್ತದೆ ಎಂದು ತಿಳಿದಿರಲಿಲ್ಲ. ಕೆಳಗೆ ಹೆಗಲುಗಳು ಬೆವರಿನಿಂದ ಜಾರುತ್ತಿದ್ದವು. ಬಾಯಾರಿದ ಜನ ಬಾಯೊಣಗುವ ಹಾಗೆ ಕೂಗುತ್ತಿದ್ದರು.

ಆಗ ಕಾಲಿಗೆ ಯಾರದೋ ಕೈ ತಾಗಿತು. ಬಗ್ಗಿ ನೋಡಿದ. ಹೆಂಡತಿ. ಒಂದು ಕಂಕುಳಲ್ಲಿ ಖಾಲಿ ಕ್ಯಾನಿತ್ತು. ಇನ್ನೊಂದು ಕೈಯಲ್ಲಿ ಅವನ ಪಾದ ಹಿಡಿದು, ಗುಂಪಿನ ಜೊತೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು. ಅವಳು ಕೂಗುತ್ತಿರಲಿಲ್ಲ. ಪಾದದಿಂದ ಕೈಯನ್ನು ಮೀನಖಂಡಕ್ಕೆ ತಂದಳು, ಪ್ಯಾಂಟಿನ ಬಟ್ಟೆಯನ್ನು ಬೆರಳಲ್ಲಿ ಹೊಸಕಿದಳು, ಮಗುವಿಗೆ ಜ್ವರ ಇದೆಯೋ ಬಿಟ್ಟಿದೆಯೋ ನೋಡುವ ಹಾಗೆ. ಸುತ್ತ ಎಲ್ಲರ ಮೈಯೂ ಒದ್ದೆಯಾಗಿತ್ತು. ಅವನ ಮೈ ಒಣಗಿ ತಣ್ಣಗಿತ್ತು.

“ತಣ್ಣಗಿದೀರಿ,” ಎಂದಳು. “ಎಷ್ಟೊತ್ತು ಕೂತಿದ್ರಿ ಅದರೊಳಗೆ?”

ಅವಳು ಮೇಲೆ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಒಂದು ಆಸರೆಯಾದರೂ ಆಗುತ್ತಿತ್ತು. ಕಾರ್ಖಾನೆ ಎಂದರೆ ಏನು, ಮಾತುಕತೆ ಎಂದರೆ ಏನು, ಎಲ್ಲವನ್ನೂ ಬೆರಳ ತುದಿಯಲ್ಲಿ ತಿಳಿದವಳ ಮುಖ ಅದು.

“ಯಾವ ಸೆಕ್ಷನ್ನು, ಮೇಷ್ಟ್ರೇ?”

ಮನೆಯಲ್ಲಿ ಒಂದು ದಿನವೂ ಅವಳು ಅವನನ್ನು ಹಾಗೆ ಕರೆದವಳಲ್ಲ.

ಕತ್ತು ಆಡಿಸಿದರೆ ಆಗುವ ಪ್ರಶ್ನೆಯಲ್ಲ ಇದು. ಬಾಯಿಂದಲೇ ಹೇಳಬೇಕು.

“ಪ್ಯಾಕಿಂಗು,” ಎಂದ.

ಮೆಲ್ಲಗೆ ಹೇಳಿದ್ದಲ್ಲ. ಮೆಲ್ಲಗೆ ಹೇಳಲು ಅವನಿಗೆ ಬರುತ್ತಲೂ ಇರಲಿಲ್ಲ. ಹೆಂಡತಿಯ ಕೈ ಅವನ ಕಾಲಿನಿಂದ ಕಳಚಿತು. ಅವಳ ಪಕ್ಕದಲ್ಲಿದ್ದ ದೊಡ್ಡಕ್ಕನ ಘೋಷಣೆ ಅರ್ಧಕ್ಕೆ ನಿಂತಿತು, ಅವಳ ಹಿಂದಿನವಳದು, ಅದರ ಹಿಂದಿನವಳದು. ಮೌನ ಒಬ್ಬಳಿಂದ ಒಬ್ಬಳಿಗೆ ದಾಟುತ್ತ ಹಿಂದಿನ ಸಾಲುಗಳ ಕಡೆಗೆ ಸರಿಯಿತು. ಹೆಂಗಸರು ಒಬ್ಬೊಬ್ಬರಾಗಿ ನಡೆಯುವುದನ್ನು ನಿಲ್ಲಿಸಿದರು. ಅವನನ್ನು ಹೊತ್ತ ಹುಡುಗರಿಗೆ ಮಾತ್ರ ಅದು ಕೇಳಿಸಲಿಲ್ಲ. ಅವರ ಕಿವಿಗಳು ಅವನ ತೊಡೆಗಳಿಗೆ ಒತ್ತಿ ಮುಚ್ಚಿಹೋಗಿದ್ದವು. ಅವರು ಅವನನ್ನು ಇನ್ನೂ ಒಂದಿಷ್ಟು ಮೇಲಕ್ಕೆ ಎತ್ತಿ ಹಿಡಿದು, ಗಂಟಲು ಹರಿಯುವಂತೆ ಜಯಕಾರ ಹಾಕುತ್ತ, ಯಾರೂ ಹಿಂಬಾಲಿಸದ ಆ ರಸ್ತೆಯಲ್ಲಿ ಮುಂದೆ ಮುಂದೆ ನಡೆದರು.